‘ಆವು’ ಎಂದರೆ ಹಾವು

ಮೈಸೂರಿನಿಂದ ನಂಜನಗೂಡು, ಬೇಗೂರು ದಾಟಿ ಅರವತ್ತು ಕಿಲೋಮೀಟರ್ ಬಂದರೆ ಗುಂಡ್ಲುಪೇಟೆ. ಇಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಬಂಡೀಪುರದ ಕಾಡಿನೊಳಗಿಂದ ಊಟಿಗೆ, ಇನ್ನೊಂದು ಮದ್ದೂರು, ಮೂಲೆಹೊಳೆ ಹಾದು ಕೇರಳದ ಸುಲ್ತಾನ್ ಬತ್ತೇರಿಗೆ, ಮತ್ತೊಂದು ತೆರಕಣಾಂಬಿಯ ತರಕಾರಿ ಮಂಡಿ ದಾಟಿ ಚಾಮರಾಜನಗರಕ್ಕೆ. ಹೊಸಬರ ಕಾರುಗಳು ಇಲ್ಲಿ ಒಂದು ಗಳಿಗೆ ತಡೆಯುತ್ತವೆ. ಕಿಟಕಿ ಇಳಿಯುತ್ತದೆ, ಎಳನೀರು ಮಾರುವವರೋ ಆಟೊದವರೋ ಕೈ ತೋರಿಸುತ್ತಾರೆ, ಕಾರು ಹೊರಡುತ್ತದೆ. ಆ ಕೈಸನ್ನೆ ತಪ್ಪಿದರೆ ಅದು ಗೊತ್ತಾಗುವುದು ಕಾಡಿನ ಗೇಟಿನ ಹತ್ತಿರ.

ರಾತ್ರಿಯಾದರೆ ಈ ಕವಲಿಗೆ ಇನ್ನೊಂದು ನಿಯಮ ಸೇರುತ್ತದೆ. 2009ರಿಂದ ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ಬಂದ್. ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ, ಬತ್ತೇರಿ ರಸ್ತೆಯಲ್ಲಿ ಮದ್ದೂರು, ಎರಡೂ ಕಡೆ ಗೇಟು ಬೀಳುತ್ತದೆ. ಕೇರಳಕ್ಕೆ ಹೋಗಲೇಬೇಕಾದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಸುತ್ತುದಾರಿ ಇದೆ. ಆದರೆ ಆಂಬುಲೆನ್ಸ್ ಬಂದರೆ ಗೇಟು ತೆರೆಯುತ್ತದೆ, ಅನುಮತಿಯಿರುವ ಕೆಲವು ಬಸ್ಸುಗಳನ್ನೂ ಬಿಡುತ್ತಾರೆ. ಒಂದು ನಿಯಮ, ಅದಕ್ಕೊಂದು ವಿನಾಯಿತಿ, ದಾರಿ ಮುಚ್ಚಿದರೆ ಬದಲಿ ದಾರಿ, ಇವೆಲ್ಲದರ ಜೊತೆಗೆ ಗೇಟಿನ ಬಳಿ ಎಚ್ಚರವಾಗಿರುವ ಒಬ್ಬ ಮನುಷ್ಯ.

ಕಂಪ್ಯೂಟರ್ ಲೋಕದಲ್ಲಿ ಈಗ ಭರದಿಂದ ನಡೆಯುತ್ತಿರುವ ಒಂದು ಕೆಲಸ ಅರ್ಥವಾಗಲು ಈ ನಾಲ್ಕು ಸಾಕು. ಜನ ಫೋನಿನಲ್ಲೋ ವಾಟ್ಸ್ಆ್ಯಪಿನಲ್ಲೋ ತಮ್ಮ ಮಾತಿನಲ್ಲೇ ಕಷ್ಟ ಹೇಳಿಕೊಳ್ಳುತ್ತಾರೆ. ಎಐ ಆ ಮಾತು ಕೇಳಿ ಇದು ಯಾವ ಬಗೆಯ ಕೋರಿಕೆ ಎಂದು ಗುರುತಿಸಿ ಸರಿಯಾದ ದಾರಿಗೆ ಕಳಿಸಬೇಕು. ಆ ದಾರಿಯಲ್ಲಿ ಮತ್ತೊಂದು ಯಂತ್ರ ದಾಖಲೆ ಹುಡುಕುತ್ತದೆ, ಮಗದೊಂದು ಅರ್ಜಿ ತುಂಬಿಸುತ್ತದೆ, ಕೊನೆಯದು ಉತ್ತರ ಹೇಳುತ್ತದೆ. ಒಂದೊಂದು ಕೆಲಸಕ್ಕೂ ನೇಮಿಸಿದ ಇಂಥ ತಂತ್ರಾಂಶವನ್ನು ಏಜೆಂಟ್ ಎನ್ನುತ್ತಾರೆ. ನಮ್ಮ ಕಡೆ ಏಜೆಂಟ್ ಎಂದೊಡನೆ ಆರ್‌ಟಿಒ ಕಚೇರಿಯ ಮುಂದೆ ನಿಂತವರ ನೆನಪಾಗುತ್ತದೆ. ಇಲ್ಲಿನ ಅರ್ಥ ಅದಲ್ಲ, ಒಪ್ಪಿಸಿದ ಕೆಲಸವನ್ನು ತಾನೇ ಹೆಜ್ಜೆ ಹೆಜ್ಜೆಯಾಗಿ ಮುಗಿಸುವ ತಂತ್ರಾಂಶ ಎಂದಷ್ಟೆ.

ಯಂತ್ರ ಹೊಸದಾದರೂ ಕೆಲಸ ಹಳೆಯದು. ನಾನು ಚಿಕ್ಕವನಿದ್ದಾಗ ಅಜ್ಜಿಯ ಜೊತೆ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೆ. ಮುಂದಿನ ಮರದ ಕೆಳಗೆ ಅರ್ಜಿ ಬರೆಯುವವರು ಕೂರುತ್ತಿದ್ದರು. ಅಜ್ಜಿ ತನ್ನ ಕಥೆಯನ್ನು ತಮ್ಮನ ಮದುವೆಯಿಂದ ಶುರುಮಾಡುತ್ತಿದ್ದಳು. ಅವರು ತಡೆಯುತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡು ಮೂರೇ ಪ್ರಶ್ನೆ ಹಾಕುತ್ತಿದ್ದರು: ಯಾವೂರು, ಪಹಣಿ ಯಾರ ಹೆಸರಲ್ಲಿದೆ, ಇದಾಗಿ ಎಷ್ಟು ದಿನವಾಯಿತು? ಆಮೇಲೆ ಹಾಳೆಯ ಎಡಗಡೆ ‘ಇವರಿಗೆ’ ಎಂದು ಬರೆದು ಅದರ ಕೆಳಗೆ ಯಾರ ಹೆಸರು ಹಾಕಬೇಕೆಂದು ತೀರ್ಮಾನಿಸುತ್ತಿದ್ದರು. ತಹಶೀಲ್ದಾರರಿಗೋ, ಅರಣ್ಯ ಇಲಾಖೆಗೋ, ಪೊಲೀಸ್ ಠಾಣೆಗೋ. ಒಳಗೆ ಹೋದ ಮೇಲೆ ಟಪಾಲು ಗುಮಾಸ್ತರು ನಂಬರು ಹಾಕಿ ಭೂಮಿ ಶಾಖೆ, ಪಿಂಚಣಿ ಶಾಖೆ ಎಂದು ಗುರುತು ಮಾಡುತ್ತಿದ್ದರು. ಅರ್ಜಿಯ ಹಣೆಬರಹವೆಲ್ಲ ಈ ಎರಡು ಕೈಗಳಲ್ಲಿತ್ತು. ‘ಇವರಿಗೆ’ ತಪ್ಪಿದ ಅರ್ಜಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಮೇಜಿನಿಂದ ಮೇಜಿಗೆ ಅಲೆದು ಧೂಳು ತಿನ್ನುತ್ತಿತ್ತು.

ಅಂಚೆಯ ಪಿನ್‌ಕೋಡ್ ಇದೇ ಕೆಲಸವನ್ನು ಅಂಕಿಗಳಿಗೆ ಒಪ್ಪಿಸಿತು. 1972ರ ಆಗಸ್ಟ್ 15ರಂದು ಅದು ಜಾರಿಗೆ ಬಂತು. ರೂಪಿಸಿದವರು ಅಂಚೆ ಇಲಾಖೆಯಲ್ಲಿದ್ದ ಶ್ರೀರಾಮ್ ಭಿಕಾಜಿ ವೇಲಣಕರ್, ಸಂಸ್ಕೃತದ ಕವಿಯೂ ಹೌದು. ಗುಂಡ್ಲುಪೇಟೆಯ ಪಿನ್ 571111, ಚಾಮರಾಜನಗರದ್ದು 571313, ಕೊಳ್ಳೇಗಾಲದ್ದು 571440. ಮೊದಲ 5 ನೋಡಿದರೆ ದಕ್ಷಿಣದ ವಲಯವೆಂದು ಗೊತ್ತಾಗುತ್ತದೆ, 57 ಎಂದರೆ ಕರ್ನಾಟಕ, 571 ಎಂದರೆ ಮೈಸೂರು ಸೀಮೆ, ಉಳಿದ ಮೂರು ಅಂಕಿ ಅಂಚೆ ಕಚೇರಿಯದು. ಇಷ್ಟು ಬೇಕಾದದ್ದು ಒಂದೇ ಹೆಸರಿನ ಊರುಗಳು ದೇಶದ ತುಂಬ ಇರುವುದರಿಂದ. ಗೇಟಿರುವ ನಮ್ಮ ಮದ್ದೂರು ಗುಂಡ್ಲುಪೇಟೆ ತಾಲ್ಲೂಕಿನದು, ವಡೆಯ ಮದ್ದೂರು ಮಂಡ್ಯ ಜಿಲ್ಲೆಯದು. ವಯನಾಡಿನಲ್ಲಿ ಒಂದು ಸುಲ್ತಾನ್ ಬತ್ತೇರಿ ಇದ್ದರೆ ಮಂಗಳೂರಿನ ನದಿ ದಡದಲ್ಲಿ ಇನ್ನೊಂದಿದೆ. ಬರಹಗಳಲ್ಲಿ ಹೆಚ್ಚು ಸಲ ಕಂಡದ್ದನ್ನೇ ಯಂತ್ರ ಮೊದಲು ಊಹಿಸುತ್ತದೆ. ಬರೀ ‘ಮದ್ದೂರು’ ಎಂದರೆ ಅದು ಮಂಡ್ಯದ ಕಡೆ ವಾಲುವ ಸಂಭವವೇ ಜಾಸ್ತಿ.

ಇನ್ನು ಎಐ ಕವಲಿಗೆ ಬರೋಣ. ಕಾಡಂಚಿನ ಊರಿನ ರೈತರೊಬ್ಬರು ನಸುಕಿನಲ್ಲಿ ಸಹಾಯವಾಣಿಗೆ ಹೀಗೆ ಹೇಳಿದರೆಂದು ಕಲ್ಪಿಸಿಕೊಳ್ಳಿ: “ರಾತ್ರಿ ಆನೆ ಬಂದು ಟಮೊಟೊ ಎಲ್ಲ ತುಳ್ದಾಕ್ಬುಟ್ಟದ ಸಾ, ಡ್ರಿಪ್ ಪೈಪೆಲ್ಲ ಚಿಂದಿ, ಕರೆಂಟ್ ಕಂಬನೂ ವಾಲ್ಕಂಡದ, ಏನ್ ಮಾಡದು?” ಒಂದೇ ಉಸಿರಿನ ಮಾತು, ಒಳಗಿರುವ ಕೆಲಸ ಹಲವು. ಬೆಳೆ ನಷ್ಟದ ಪರಿಹಾರ ಅರಣ್ಯ ಇಲಾಖೆಯದು, ಅದಕ್ಕೆ ಪಹಣಿ ಬೇಕು, ಫೋಟೊ ಬೇಕು, ಬ್ಯಾಂಕ್ ಖಾತೆ ಬೇಕು. ವಾಲಿದ ಕಂಬ ಸೆಸ್ಕ್‌ನದು, ಅಂದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು. ಹಳೆಯ ಯಂತ್ರವಾಗಿದ್ದರೆ ‘ಆನೆ’ ಎಂಬ ಪದ ಹಿಡಿದು ಅರಣ್ಯಕ್ಕೆ ಕಳಿಸಿ ಸುಮ್ಮನಾಗುತ್ತಿತ್ತು. ಈಗಿನ ದೊಡ್ಡ ಭಾಷಾ ಮಾದರಿಗಳು ಮಾತಿನ ಅರ್ಥ ಹಿಡಿದು ಅದನ್ನು ತುಂಡು ಮಾಡಬಲ್ಲವು. ಎರಡು ತುಂಡನ್ನು ಎರಡು ಕವಲಿಗೆ ಏಕಕಾಲಕ್ಕೆ ಬಿಡಬಲ್ಲವು. ಎರಡೂ ಕಡೆಯ ಉತ್ತರ ಬಂದಾಗ ಒಟ್ಟುಗೂಡಿಸಿ ಒಂದೇ ಮಾತಾಗಿ ಹೇಳಬಲ್ಲವು.

ಆದರೆ ಯಾವುದು ಮೊದಲು? ರೈತರ ಮನಸ್ಸಿನಲ್ಲಿ ಮೊದಲಿರುವುದು ಟೊಮೆಟೊ. ಅಪಾಯವಿರುವುದು ಕಂಬದಲ್ಲಿ. ತಂತಿ ಜೋತುಬಿದ್ದಿದ್ದರೆ ಹಾನಿ ನೋಡಲು ಒದ್ದೆ ನೆಲದಲ್ಲಿ ನಡೆದು ಹೋದವರೇ ಸಾಯಬಹುದು. ಹಾಗಾಗಿ ಮೊದಲ ಕವಲಿನ ಪ್ರಶ್ನೆ ‘ಇದು ಯಾವ ಇಲಾಖೆ’ ಎಂದಾಗಬಾರದು, ‘ಇಲ್ಲಿ ಯಾರ ಜೀವಕ್ಕಾದರೂ ಅಪಾಯವಿದೆಯೇ’ ಎಂದಾಗಬೇಕು. ಬಂಡೀಪುರದ ಗೇಟಿನಲ್ಲಿ ಗಡಿಯಾರಕ್ಕಿಂತ ಮೊದಲು ಆಂಬುಲೆನ್ಸ್ ನೋಡುವುದೂ ಇದೇ ಕಾರಣಕ್ಕೆ. ಇಲಾಖೆಗಳ ಪಟ್ಟಿ ಮುಂದಿಟ್ಟುಕೊಂಡು ದಾರಿ ಬರೆಯುವವರು ಈ ಪ್ರಶ್ನೆಯನ್ನು ಎರಡನೆಯದೋ ಮೂರನೆಯದೋ ಮಾಡಿಬಿಡುವುದನ್ನು ಕಂಡು ನನಗೆ ಸಂಕಟವಾಗುತ್ತದೆ.

ನಮ್ಮ ಸೀಮೆಯ ಮಾತಿನ ವಿಷಯಕ್ಕೆ ಬಂದರೆ ಸಂಕಟ ಇನ್ನೂ ಆಳ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಹಳ್ಳಿಗಳಲ್ಲಿ ಪದದ ಮೊದಲಿನ ಹಕಾರ ನಿಲ್ಲುವುದಿಲ್ಲ. ಹೊಲ ‘ಒಲ’ವಾಗುತ್ತದೆ, ಹುಲಿ ‘ಉಲಿ’, ಹಳ್ಳಿ ‘ಅಳ್ಳಿ’, ಹಂದಿ ‘ಅಂದಿ’. ಹಾವು ‘ಆವು’. ಹುಡುಗನಿಗೆ ನಾವು ಹೈದ ಎನ್ನುತ್ತೇವೆ, ಬಾಯಲ್ಲಿ ಅದು ‘ಐದ’. ಈಗ ಒಬ್ಬ ತಾಯಿ ಗಾಬರಿಯಲ್ಲಿ ಫೋನಿಗೆ ಕೂಗುತ್ತಾಳೆ: “ನಮ್ಮ್ ಐದಂಗ ಆವು ಕಚ್ಬುಡ್ತು ಸಾ!” ನಮ್ಮ ಊರಿನ ಯಾರಿಗೆ ಕೇಳಿದರೂ ಅರ್ಥವಾಗುವ ಮಾತಿದು. ಪುಸ್ತಕದ ಕನ್ನಡ ಕಲಿತ ಯಂತ್ರಕ್ಕೆ ‘ಐದ’ ಎಂದರೆ ಐದು. ‘ಆವು’ ಎಂದರೆ ನಿಘಂಟಿನಲ್ಲಿ ಹಸು. ಐದು ಹಸುವಿನ ವಿಷಯ ಎಂದುಕೊಂಡು ಅದು ಪಶುಪಾಲನೆಯ ಕವಲಿಗೆ ಕಳಿಸಿದರೆ?

ಇದು ಅತಿಯಾದ ಕಲ್ಪನೆ ಎನ್ನುವವರಿಗೆ ಒಳಗೆ ನಡೆಯುವುದನ್ನು ಹೇಳಬೇಕು. ಧ್ವನಿಯನ್ನು ಅಕ್ಷರವಾಗಿಸುವುದು ಒಂದು ಯಂತ್ರ. ಅಕ್ಷರ ಓದಿ ವಿಷಯ ಗುರುತಿಸುವುದು ಇನ್ನೊಂದು. ಮೊದಲನೆಯದು ‘ಐದು ಆವು’ ಎಂದು ಬರೆದುಕೊಟ್ಟರೆ ಎರಡನೆಯದಕ್ಕೆ ಸಿಗುವುದು ಅಷ್ಟೇ. ಆ ತಾಯಿಯ ದನಿಯ ನಡುಕ ಅದಕ್ಕೆ ಕೇಳುವುದಿಲ್ಲ. ‘ಕಚ್ಚು’ ಎಂಬ ಪದ ಉಳಿದುಕೊಂಡಿದ್ದರೆ ಅನುಮಾನ ಹುಟ್ಟಬಹುದು, ಅದೂ ಕೆಟ್ಟರೆ ಮುಗಿಯಿತು. ಹಿಂದಿನವರು ಕೊಟ್ಟದ್ದನ್ನು ಮುಂದಿನವರು ನಂಬುತ್ತ ಹೋಗುವ ಸಾಲು ಇದು, ತಪ್ಪು ದಾರಿಯುದ್ದಕ್ಕೂ ಬೆಳೆಯುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಕವಲಿನಲ್ಲಿ ನೂರಕ್ಕೆ 95 ಸಲ ಸರಿಯಾಗುವ ಯಂತ್ರ ಒಳ್ಳೆಯದೇ. ಅಂಥ ಐದು ಕವಲನ್ನು ಒಂದರ ಹಿಂದೊಂದು ದಾಟಬೇಕಾದರೆ ಕೊನೆಗೆ ಸರಿಯಾದ ಜಾಗ ತಲುಪುವುದು ನೂರಕ್ಕೆ ಸುಮಾರು 77 ಮಾತ್ರ. ಉಳಿದ 23ರಲ್ಲಿ ಬಿತ್ತನೆ ಬೀಜದ ಪ್ರಶ್ನೆಯಿದ್ದರೆ ಒಂದು ದಿನ ನಷ್ಟ. ಹಾವು ಕಡಿತವಿದ್ದರೆ ಒಂದು ಜೀವ. ಎರಡನ್ನೂ ಒಂದೇ ತಪ್ಪೆಂದು ಎಣಿಸುವ ಶೇಕಡಾವಾರು ಲೆಕ್ಕ ನಮ್ಮ ಹಳ್ಳಿಗಳಿಗೆ ಪ್ರಯೋಜನವಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಈ ವಿಷಯದ ತೂಕ ಅಷ್ಟಿದೆ.

ಹಾಗಾದರೆ ಯಂತ್ರವೇ ಬೇಡವೇ? ನಾನು ಹಾಗೆನ್ನುವುದಿಲ್ಲ. ನಡುರಾತ್ರಿಯಲ್ಲೂ ಫೋನ್ ಎತ್ತುವ, ಒಂದೇ ಹೊತ್ತಿಗೆ ಸಾವಿರ ಜನರಿಗೆ ಉತ್ತರಿಸುವ ಸಹಾಯ ಹಳ್ಳಿಗೆ ಬಂದರೆ ಯಾರು ಬೇಡವೆನ್ನುತ್ತಾರೆ? ದಾರಿ ಬರೆಯುವವರು ಒಂದು ವಿಷಯ ಒಪ್ಪಿಕೊಳ್ಳಬೇಕು. ಕವಲಿನಲ್ಲಿ ‘ಗೊತ್ತಾಗಲಿಲ್ಲ’ ಎನ್ನುವುದೂ ಒಂದು ದಾರಿ, ಅದು ಎಲ್ಲಕ್ಕಿಂತ ಮುಖ್ಯವಾದ ದಾರಿ. ಪ್ರತಿ ಊಹೆಯ ಜೊತೆಗೂ ತನಗೆಷ್ಟು ಭರವಸೆ ಎಂಬ ಅಂದಾಜನ್ನು ಇಂಥ ಯಂತ್ರಗಳಿಂದ ಪಡೆಯಬಹುದು. ಆ ಅಂದಾಜು ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿದ್ದರೆ ಮುಂದೆ ಹೋಗದೆ ತಿರುಗಿ ಕೇಳಬೇಕು. “ಹಾವು ಕಚ್ಚಿತಾ ತಾಯಿ?” ಎಂಬ ಒಂದು ಪ್ರಶ್ನೆ ಸಾಕು, ಆ ತಾಯಿ “ಊ ಕನಾ” ಎನ್ನುತ್ತಾಳೆ. ಎರಡು ಸಲ ಕೇಳಿಯೂ ತಿಳಿಯದಿದ್ದರೆ ಮೂರನೆಯ ಸಲ ಕೇಳಕೂಡದು, ಕರೆ ಮನುಷ್ಯರಿಗೆ ಹೋಗಬೇಕು. ಅಪಾಯದ ಸುಳಿವು ಇದ್ದಲ್ಲಂತೂ ಭರವಸೆಯ ಲೆಕ್ಕಕ್ಕೂ ಕಾಯದೆ ಹೋಗಬೇಕು.

ಮಟ್ಟ ಮಟ್ಟವಾಗಿ ಮೇಲಕ್ಕೆ ಒಯ್ಯುವ ಈ ಏರ್ಪಾಡು ನಮ್ಮಲ್ಲಿ ಹೊಸದೇನಲ್ಲ. 2004ರ ಜನವರಿ 21ರಂದು ಶುರುವಾದ ಕಿಸಾನ್ ಕಾಲ್ ಸೆಂಟರ್‌ನಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ರೈತರ ಭಾಷೆಯಲ್ಲೇ ಮಾತನಾಡುವ ಸಲಹೆಗಾರರಿರುತ್ತಾರೆ, ಅವರಿಗೆ ತಿಳಿಯದ್ದು ಮೇಲಿನ ತಜ್ಞರಿಗೆ ಹೋಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಪಿಎಂ ಕಿಸಾನ್ ಯೋಜನೆಗೆಂದು ‘ಕಿಸಾನ್ ಇ-ಮಿತ್ರ’ ಎಂಬ ಎಐ ಮಾತುಗಾರನನ್ನು ತಂದಿತು. ಈಗ ಅದು ಕನ್ನಡವೂ ಸೇರಿ 11 ಭಾಷೆಗಳಲ್ಲಿದೆ. ‘ಈ ಸಲದ ಎರಡು ಸಾವಿರ ಬಂದಿಲ್ಲ’ ಎಂಬ ದೂರಿಗೆ ಕಾರಣ ಹಲವಿರಬಹುದು. ಇ-ಕೆವೈಸಿ ಬಾಕಿಯಿರಬಹುದು, ಖಾತೆಗೆ ಆಧಾರ್ ಜೋಡಣೆಯಾಗಿಲ್ಲದಿರಬಹುದು, ಜಮೀನಿನ ದಾಖಲೆ ಸೇರಿಲ್ಲದಿರಬಹುದು. ಇಲ್ಲಿ ಯಂತ್ರದ ಮಾತುಗಾರಿಕೆ ಮುಖ್ಯವಲ್ಲ. ಅದು ದಾಖಲೆಯನ್ನು ತೆರೆದು ನೋಡಿ ಹೇಳುತ್ತದೆಯೋ ಅಥವಾ ಸಾಮಾನ್ಯವಾಗಿ ಹೀಗಿರುತ್ತದೆ ಎಂದು ಊಹಿಸುತ್ತದೆಯೋ ಎಂಬುದು ಮುಖ್ಯ. ಪಹಣಿ, ಹಣ, ತಾರೀಖು ಇಂಥವುಗಳ ವಿಷಯದಲ್ಲಿ ಎಐಗೆ ಊಹಿಸುವ ಅಧಿಕಾರ ಕೊಡಬಾರದು, ಅದು ಹೋಗಿ ಓದಿಕೊಂಡು ಬರಬೇಕು.

ಯಂತ್ರಕ್ಕೆ ಮಾತು ಕಲಿಸುವ ಕೆಲಸವೂ ಶುರುವಾಗಿದೆ. 2023ರಲ್ಲಿ ಕರ್ನಾಟಕದ ಕೆಲವು ಹಳ್ಳಿಗಳ ಜನ ವಾರಗಟ್ಟಲೆ ಕನ್ನಡದ ವಾಕ್ಯಗಳನ್ನು ತಮ್ಮ ದನಿಯಲ್ಲಿ ಮೊಬೈಲಿಗೆ ಓದಿಕೊಟ್ಟರು. ಕ್ಷಯರೋಗದ ಬಗ್ಗೆ ಉತ್ತರಿಸುವ ಯಂತ್ರಕ್ಕಾಗಿ ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಹಣ ಕೊಟ್ಟು ಮಾಡಿಸಿದ ಕೆಲಸವದು. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಚಿತ್ರ ತೋರಿಸಿ, ನಿಮಗೆ ಕಂಡದ್ದನ್ನು ನಿಮ್ಮ ಮಾತಿನಲ್ಲೇ ಹೇಳಿ ಎಂದು ಜಿಲ್ಲೆವಾರು ದನಿ ಸಂಗ್ರಹಿಸುತ್ತದೆ. ನನಗೆ ಈ ಎರಡನೆಯ ವಿಧಾನ ಹೆಚ್ಚು ಹಿಡಿಸಿತು. ಬರೆದದ್ದನ್ನು ಓದು ಎಂದರೆ ನಮ್ಮ ಜನ ಹಕಾರವನ್ನು ಎಳೆದು ತಂದು ಇಸ್ಕೂಲಿನ ಕನ್ನಡದಲ್ಲಿ ಓದುತ್ತಾರೆ. ಹಾವು ಕಂಡಾಗ ಆ ಕನ್ನಡ ಬಾಯಿಗೆ ಬರುವುದಿಲ್ಲ. ಸೋಲಿಗರ, ಜೇನುಕುರುಬರ ನುಡಿ, ಗಡಿಯ ತಮಿಳು, ಮಲಯಾಳ ಬೆರೆತ ಮಾತು ಇವು ಇನ್ನೂ ಮುಂದಿನ ಕೆಲಸ. ಪಕ್ಕದ ನಂಜನಗೂಡು ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಓದುಗರು ಮನ್ನಿಸಿದ ಮಾತನ್ನು ಯಂತ್ರವೂ ಕಲಿಯಬೇಕು.

ಕವಲಿನ ಕೊನೆಯಲ್ಲಿ ಯಾರಿದ್ದಾರೆ ಎನ್ನುವುದು ಇನ್ನೊಂದು ವಿಷಯ. ಬಂಡೀಪುರ ಮತ್ತು ನಾಗರಹೊಳೆಯ ಸುತ್ತಿನ ಸುಮಾರು 600 ಹಳ್ಳಿಗಳಲ್ಲಿ 2015ರ ಜುಲೈಯಿಂದ ‘ವೈಲ್ಡ್ ಸೇವೆ’ ಎಂಬ ಉಚಿತ ಸಹಾಯವಾಣಿ ಕೆಲಸ ಮಾಡುತ್ತಿದೆ. ಕೃತಿ ಕಾರಂತರ ನೇತೃತ್ವದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ ಅದನ್ನು ನಡೆಸುತ್ತದೆ. ಕಾಡುಪ್ರಾಣಿಯಿಂದ ಬೆಳೆಯೋ ದನವೋ ಹಾಳಾದರೆ ರೈತರು ಕರೆ ಮಾಡುತ್ತಾರೆ, ಸಿಬ್ಬಂದಿ ಹೊಲಕ್ಕೇ ಬಂದು ಹಾನಿಯನ್ನು ದಾಖಲಿಸಿ ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಲು ನೆರವಾಗುತ್ತಾರೆ. ಅಲ್ಲಿ ಬಳಸುವ ತಂತ್ರಜ್ಞಾನ ದೊಡ್ಡದೇನಲ್ಲ, ಒಂದು ಫೋನ್ ನಂಬರು, ಒಂದು ಮೊಬೈಲು. ಆದರೆ ಕರೆಯ ಕೊನೆಯಲ್ಲಿ ಬೈಕಿನಲ್ಲಿ ಬರುವ ಒಬ್ಬ ಮನುಷ್ಯನಿದ್ದಾನೆ. ನಾನು ಕಂಡ ಅನೇಕ ಯೋಜನೆಗಳಲ್ಲಿ ಇಲ್ಲದ್ದು ಇದೇ. ಹೋದ ಮಳೆಗಾಲದಲ್ಲಿ ಚಿಕ್ಕಮ್ಮನ ಪಿಂಚಣಿಗಾಗಿ ಒಂದು ಸಹಾಯವಾಣಿಗೆ ಫೋನ್ ಮಾಡಿದ್ದೆ. ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ಮೂರು ಒತ್ತಿ, ಪಿಂಚಣಿಗೆ ಎರಡು ಒತ್ತಿ, ಎಲ್ಲ ಒತ್ತಿದ ಮೇಲೆ ಮತ್ತೆ ಮೊದಲಿನ ಸ್ವಾಗತದ ದನಿ. ಮೂರು ಸಲ ಸುತ್ತಿದೆ. ಚಿಕ್ಕಮ್ಮ ಪಕ್ಕದಲ್ಲಿ ಕೂತು “ಏನಂದ್ರು?” ಎಂದು ಕೇಳುತ್ತಲೇ ಇದ್ದಳು. ಅವಳಿಗೆ ಹೇಳಲು ನನ್ನ ಬಳಿ ಒಂದು ನಂಬರೂ ಇರಲಿಲ್ಲ.

ನಂಬರು ಸಣ್ಣ ಸಂಗತಿಯಲ್ಲ. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಾದಾಗ ಜನರಿಗೆ ಸಿಕ್ಕ ದೊಡ್ಡ ಬಲವೇ ಅದು. ಅರ್ಜಿ ಕೊಟ್ಟೊಡನೆ ಸ್ವೀಕೃತಿ ಸಂಖ್ಯೆ, ಇಂಥ ದಿನದೊಳಗೆ ಆಗಬೇಕೆಂಬ ಗಡುವು, ಆಗದಿದ್ದರೆ ಮೇಲ್ಮನವಿ. ಎಐ ಮೂಲಕ ಸಾಗುವ ಕೋರಿಕೆಗೂ ಈ ಮೂರೂ ಬೇಕು. ಯಾವ ಕವಲಿನಲ್ಲಿ ಯಾವ ಕಡೆ ಕಳಿಸಿತು, ಯಾಕೆ ಕಳಿಸಿತು ಎಂಬುದು ಒಂದೊಂದಾಗಿ ದಾಖಲಾಗಿರಬೇಕು, ಕೇಳಿದವರಿಗೆ ಕನ್ನಡದಲ್ಲಿ ಸಿಗಬೇಕು.

ದಾರಿ ತೋರುವವರ ಕೈಯಲ್ಲಿ ಅಧಿಕಾರವಿರುತ್ತದೆ ಎಂಬುದು ಟೆಲಿಫೋನಿನ ಚರಿತ್ರೆಯಲ್ಲೇ ಇದೆ. ಅಮೆರಿಕದ ಆಲ್ಮನ್ ಸ್ಟ್ರೌಜರ್ ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯವನು. ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜಿನವರು ಎದುರಾಳಿಗೆ ಜೋಡಿಸುತ್ತಿದ್ದಾರೆಂಬ ಸಿಟ್ಟಿನಿಂದ ಅವನು ಸ್ವಯಂಚಾಲಿತ ಎಕ್ಸ್‌ಚೇಂಜ್ ಕಂಡುಹಿಡಿದನೆಂಬ ಕಥೆ ಪ್ರಸಿದ್ಧ. 1891ರಲ್ಲಿ ಅದಕ್ಕೆ ಪೇಟೆಂಟ್ ಬಂತು. ಮನುಷ್ಯರ ಪಕ್ಷಪಾತ ತಪ್ಪಿಸಲು ಯಂತ್ರ ಬಂತು, ಸರಿ. ಈಗ ಯಂತ್ರದ ಕವಲಿನಲ್ಲಿ ಪಕ್ಷಪಾತ ಸೇರಿಕೊಂಡರೆ, ಅದು ಬೆಂಗಳೂರಿನ ಕನ್ನಡಕ್ಕೆ ಬೇಗ ದಾರಿಬಿಟ್ಟು ಗುಂಡ್ಲುಪೇಟೆಯ ಕನ್ನಡವನ್ನು ಗೇಟಿನಲ್ಲೇ ನಿಲ್ಲಿಸಿದರೆ, ಕೇಳುವುದು ಯಾರನ್ನು?

ಇಂಥ ವ್ಯವಸ್ಥೆಗಳನ್ನು ಕಟ್ಟುತ್ತಿರುವ ತಂತ್ರಜ್ಞರಲ್ಲಿ, ಅವನ್ನು ಕೊಳ್ಳಲಿರುವ ಅಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ದಾರಿ ಬರೆಯುವ ಮುನ್ನ ಒಂದು ವಾರ ಬಂದು ತೆರಕಣಾಂಬಿಯ ನಾಡಕಚೇರಿಯ ಮುಂದೆ ಕುಳಿತುಕೊಳ್ಳಿ. ಜನ ಹೇಗೆ ಮಾತು ಶುರುಮಾಡುತ್ತಾರೆ, ಏನನ್ನು ಹೇಳದೆ ಬಿಡುತ್ತಾರೆ, ಯಾವ ಪದಕ್ಕೆ ಏನರ್ಥ ಎಂದು ಕೇಳಿಸಿಕೊಳ್ಳಿ. ಪುಸ್ತಕದ ವಾಕ್ಯಗಳಿಂದಲ್ಲ, ‘ಆವು’, ‘ಒಲ’, ‘ಅಂದಿ’ಯಿಂದ ನಿಮ್ಮ ಯಂತ್ರವನ್ನು ಪರೀಕ್ಷಿಸಿ. ಮನುಷ್ಯರೊಡನೆ ಮಾತನಾಡುವ ದಾರಿಯನ್ನು ಪಟ್ಟಿಯ ಕೊನೆಯಲ್ಲಿಡಬೇಡಿ, ಪ್ರತಿ ಕವಲಿನಲ್ಲೂ ಇಡಿ. ಆ ದಾರಿಯ ತುದಿಯ ಕುರ್ಚಿ ಖಾಲಿ ಬಿಡಬೇಡಿ.

ಓದುಗರಿಗೂ ಒಂದು ಮಾತು. ಹಾವು ಕಚ್ಚಿದರೆ ಯಾವ ಯಂತ್ರದ ಉತ್ತರಕ್ಕೂ ಕಾಯದೆ ನೇರವಾಗಿ 108ಕ್ಕೆ ಫೋನ್ ಮಾಡಿ. ಊರಿನ ಹೆಸರಿನ ಜೊತೆಗೆ ತಾಲ್ಲೂಕಿನ ಹೆಸರನ್ನೂ ಹೇಳಿ.